ಗುಳಿಗಿ ಬಿಟ್ಟು ಬೇರೆ ಏನರ ಐತೇನ್ರಿ?

ಮದುವೆ ಮನೆಯಿರಲಿ, ಜೋಳ ಬೀಸಿಸಲು ಹೋದ ಗಿರಣಿಯಿರಲಿ, ಮಗನಿಗೆ ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ, ಚಡಪಡಿಕೆ ಹೆಚ್ಚಿರುವ ತೊಂದರೆ) ಇರುವುದು ಗೊತ್ತಿದ್ದವರು ನನ್ನನ್ನು ಪಕ್ಕಕ್ಕೆ ಕರೆದು ಕೇಳುವುದು ಇದನ್ನೇ: "ಅಕ್ಕಾರ, ಎಡಿಎಚ್‌ಡಿಗೆ ಗುಳಿಗಿ ಬಿಟ್ಟು ನೈಸರ್ಗಿಕ ಏನರ ಐತೇನ್ರಿ?"

ಇದೆ. ಆದರೆ ಅದನ್ನು ಪುಡಿಯ ಡಬ್ಬಿಯೊಳಗೆ ಹುಡುಕಬೇಡಿ.

ನಾನೂ ಹುಡುಕಿದವಳೇ. ಮಗನಿಗೆ ಏಳು ವರ್ಷವಿದ್ದಾಗ ಯಾರೋ ಹೇಳಿದರೆಂದು ಬುದ್ಧಿ ಚುರುಕಾಗುವ ಪುಡಿ ತಂದೆ. ಡಬ್ಬಿ ಮೇಲೆ ಏನೇನು ಹಾಕಿದ್ದಾರೆಂದು ಬರೆದಿರಲೇ ಇಲ್ಲ. ಮಕ್ಕಳ ಡಾಕ್ಟರ್ ಅದನ್ನು ತಿರುಗಿಸಿ ನೋಡಿ, ಇಂಥ ಕೆಲವು ಪುಡಿಗಳಲ್ಲಿ ಸೀಸ ಸಿಕ್ಕಿದ್ದೂ ಇದೆ ಅಂದರು. ಸೀಸ ಮಕ್ಕಳ ಗಮನವನ್ನೇ ಕೆಡಿಸುವ ಲೋಹ. ಡಬ್ಬಿ ಅವತ್ತೇ ಕಸಕ್ಕೆ ಹೋಯಿತು.

ಸಕ್ಕರೆ ಬಿಡಿಸಿ ಅನ್ನುವವರು ಜಾಸ್ತಿ. ನನ್ನ ನಾದಿನಿ ಅವನ ಕೈಯಿಂದ ಉಂಡಿ ಕಸಿದುಕೊಂಡಿದ್ದೂ ಆಗಿದೆ. 1994ರಲ್ಲಿ ಅಮೆರಿಕದಲ್ಲೊಂದು ಪ್ರಯೋಗ ನಡೆಯಿತು. ಮಕ್ಕಳಿಗೆ ಕೊಟ್ಟಿದ್ದು ಸಕ್ಕರೆಯಿಲ್ಲದ ಪಾನೀಯ. ಸಕ್ಕರೆ ಕೊಟ್ಟಿದ್ದೇವೆ ಎಂದು ಹೇಳಿಸಿಕೊಂಡ ತಾಯಂದಿರಿಗೆ ಮಾತ್ರ ತಮ್ಮ ಮಕ್ಕಳು ಹೆಚ್ಚು ಕುಣಿದಂತೆ ಕಂಡಿತು! ಹಲ್ಲಿನ ಸಲುವಾಗಿ ಉಂಡಿ ಕಡಿಮೆ ಮಾಡಿ, ಬೇಡ ಅನ್ನುವುದಿಲ್ಲ. ಬಣ್ಣದ ತಿಂಡಿಯ ಮಾತು ಬೇರೆ. 2007ರ ಬ್ರಿಟನ್ ಅಧ್ಯಯನದಲ್ಲಿ ಕೆಲವು ಕೃತಕ ಬಣ್ಣ ಮತ್ತು ಕೆಡದಂತೆ ಹಾಕುವ ಸೋಡಿಯಂ ಬೆಂಜೊಯೇಟ್ ಬೆರೆತ ಪಾನೀಯದಿಂದ ಮಕ್ಕಳ ಚಡಪಡಿಕೆ ಸ್ವಲ್ಪ ಹೆಚ್ಚಿದ್ದು ಕಂಡಿತ್ತು. ಕೆಂಪು ಗೋಬಿ ನಾವಂತೂ ಬಿಟ್ಟೆವು.

ಅಗಸಿ ಹಿಂಡಿ? ತಿನ್ನಲಿ, ರೊಟ್ಟಿಗೆ ಮೊಸರಿನ ಜೊತೆ ಅದರಂಥದ್ದು ಇನ್ನೊಂದಿಲ್ಲ. ಆದರೆ ಅದರಲ್ಲಿರುವ ಒಮೇಗಾ-3 ಎಂಬ ಕೊಬ್ಬಿನ ವಿಷಯದಲ್ಲಿ ಸ್ವಲ್ಪ ಉಪಯೋಗ ಕಂಡಿದ್ದು ಹೆಚ್ಚಾಗಿ ಮೀನೆಣ್ಣೆಯಲ್ಲಿರುವ ಬಗೆಯಿಂದ. ಅಗಸಿಯದನ್ನು ನಮ್ಮ ಮೈ ಆ ರೂಪಕ್ಕೆ ಬದಲಿಸಿಕೊಳ್ಳುವುದು ತೀರ ಕಡಿಮೆ.

ನಮಗೆ ನಿಜವಾಗಿ ಕೈ ಹಿಡಿದಿದ್ದು ಕುಕ್ಕರು. ಮೊದಲೆಲ್ಲ ನಾನು ಒಂದೇ ಉಸಿರಿಗೆ "ಕೈಕಾಲು ತೊಳಿ, ಚೀಲ ತಗಿ, ಗಣಿತ ಮಾಡು" ಅಂತಿದ್ದೆ. ಅವನು ಬಚ್ಚಲಿಗೆ ಹೋಗಿ ನೀರಾಡುತ್ತ ಅಲ್ಲೇ ನಿಂತುಬಿಡುತ್ತಿದ್ದ. ಈಗ ಒಂದು ಸಲಕ್ಕೆ ಒಂದೇ ಮಾತು. ಅಡುಗೆಮನೆ ಕಟ್ಟೆಯ ಹತ್ತಿರ ಕೂರಿಸುತ್ತೇನೆ, ಬೇಳೆಗೆ ಇಟ್ಟ ಕುಕ್ಕರ್ ಮೂರು ಸೀಟಿ ಹೊಡೆಯುವವರೆಗೆ ಲೆಕ್ಕ, ಆಮೇಲೆ ಎದ್ದು ಅಂಗಳದಲ್ಲಿ ಎರಡು ಸುತ್ತು. ಮೂರನೇ ಸೀಟಿಗೆ ಪೆನ್ಸಿಲ್ ಎಸೆದು ಓಡುತ್ತಾನೆ. ಮಾಡಿದ್ದನ್ನು ಆಗಲೇ "ಶಾಬಾಸ್" ಅನ್ನಬೇಕು, ಸಂಜೆಗೆ ಅಂದರೆ ನಾಟುವುದಿಲ್ಲ. ಇದನ್ನೆಲ್ಲ ಕಲಿಸಿದ್ದು ಆಪ್ತಸಮಾಲೋಚಕರು. ಆರು ವರ್ಷದೊಳಗಿನ ಮಕ್ಕಳಿಗಾದರೆ ಡಾಕ್ಟರುಗಳೇ ಗುಳಿಗಿಗಿಂತ ಮೊದಲು ತಂದೆತಾಯಿಗೆ ಈ ತರಬೇತಿ ಹೇಳುತ್ತಾರೆ.

ಇನ್ನೊಂದು ಸೈಕಲ್. ವಿಜಯಪುರ ಸೈಕಲ್ ಓಟಗಾರರ ಊರು, ಅಲ್ವಾ? ಬೆಳಿಗ್ಗೆ ಅಪ್ಪನ ಜೊತೆ ಗೋಳಗುಮ್ಮಟದ ಕಡೆ ಅರ್ಧ ಗಂಟೆ ತುಳಿದು ಬಂದ ದಿನ ಕೂತು ತಿನ್ನುತ್ತಾನೆ. ರಾತ್ರಿ ಒಂಬತ್ತಕ್ಕೆ ಮೊಬೈಲ್ ಬಂದ್. ನಿದ್ದೆ ಕೆಟ್ಟರೆ ಮರುದಿನ ಪೂರ್ತಿ ಕೆಟ್ಟಂತೆ.

ಇಷ್ಟಾದರೂ ಶಾಲೆಯಲ್ಲಿ ಸಾಲಲಿಲ್ಲ. ಎಂಟನೇ ವರ್ಷಕ್ಕೆ ಡಾಕ್ಟರ್ ಗುಳಿಗಿ ಬರೆದರು, ಶುರು ಮಾಡಿದೆವು. ಅತ್ತೆ ಒಂದು ವಾರ ಮಾತು ಬಿಟ್ಟರು. ಮಗ ಮೊದಲ ಸಲ ಪಾಠ ಪೂರ್ತಿ ಬರೆದುಕೊಂಡು ಬಂದ. ಹಸಿವು ಕಡಿಮೆಯಾಗುತ್ತದೆ, ಅದು ನಿಜ. ಅದಕ್ಕೇ ಮೊದಲು ಸೈಕಲ್, ಆಮೇಲೆ ಎರಡು ರೊಟ್ಟಿ, ಆಮೇಲೆ ಗುಳಿಗಿ.

ಎಡಗಾಲಿನ ಬೂಟು ಮಾತ್ರ ಇವತ್ತೂ ಸಿಗಲಿಲ್ಲ.