ಬೋಂಡನ ಆಕಳಿಕೆ

ನಮ್ಮಮ್ಮನ ಮುಂದೆ ಯಾರೇ ಆಕಳಿಸಿದ್ರೂ ಅವರ ಬಾಯಿ ಮುಂದೆ ಕೈ ತಂದು ಚಟಚಟ ಅಂತ ಚಿಟಿಕೆ ಹೊಡೀತಾಳೆ. ಎಳೆ ಮಗು ಆದ್ರೂ ಸರಿ, ಅಪ್ಪ ಆದ್ರೂ ಸರಿ, ಈಗ ಬೋಂಡ ಆದ್ರೂ ಸರಿ. ಬೋಂಡ ಅಂದ್ರೆ ನಮ್ಮ ಬೆಕ್ಕು, ಗಂಡು, ಐದು ವರ್ಷ, ಬಾಣಲೆಯಿಂದ ಆಗಷ್ಟೇ ಎತ್ತಿದ ಬೋಂಡದ ಬಣ್ಣ, ಆಕಾರಾನೂ ಹೆಚ್ಚುಕಮ್ಮಿ ಅದೇ.

ಅಮ್ಮ ಅಡಿಕೆ ಕೊನೆಕೊಯ್ಲು ಎಲ್ಲಾ ಮುಗಿಸಿ ತೀರ್ಥಹಳ್ಳಿಯಿಂದ ಬೆಂಗಳೂರಿಗೆ ಬಂದು ಹದಿನೈದು ದಿನ ಇದ್ಲು. ಊರಲ್ಲಿ ನಮ್ಮನೇಲಿ ಯಾವಾಗ್ಲೂ ಮೂರ್ನಾಲ್ಕು ಬೆಕ್ಕು ಇದ್ದೇ ಇರ್ತವೆ, ಆದ್ರೆ ಅವು ಅಟ್ಟದ ಇಲಿ ಹಿಡಿಯೋ ಕೆಲಸದವು, ಯಾರೂ ಕೂತ್ಕೊಂಡು ಅವುಗಳ ಮುಖ ನೋಡಲ್ಲ. ಇಲ್ಲಿ ಫ್ಲ್ಯಾಟಲ್ಲಿ ಅಮ್ಮಂಗೆ ಮಾಡೋಕೆ ಬೇರೆ ಕೆಲಸ ಇಲ್ಲ, ನಾನು ಲ್ಯಾಪ್‌ಟಾಪ್ ಮುಂದೆ, ಅವಳು ಸೋಫಾ ಮೇಲೆ, ಎದುರಿಗೆ ಬೋಂಡ. ಮೂರನೇ ದಿನಕ್ಕೇ ಶುರು ಮಾಡಿದ್ಲು, "ಎಂತಕ್ಕೆ ಮಾರಾಯ್ತಿ ಇದು ಇಷ್ಟು ಆಕಳಿಸ್ತದೆ? ಚಿಟಿಕೆ ಹೊಡ್ದು ಹೊಡ್ದು ನಂಗೆ ಬೆರಳು ನೋಯ್ತಾ ಉಂಟು."

ನಾನು ದೊಡ್ಡ ತಿಳಿದೋಳ ಥರ, ಬೆಕ್ಕು ದಿನಕ್ಕೆ 12ರಿಂದ 16 ಗಂಟೆ ಮಲಗುತ್ತೆ ಕಣಮ್ಮ, ಮಲಗೋ ಪ್ರಾಣಿ ಆಕಳಿಸ್ದೆ ಇನ್ನೇನು ಮಾಡುತ್ತೆ ಅಂದೆ. ಆ ಮಾತು ಅರ್ಧ ಸರಿ. ಎದ್ದ ತಕ್ಷಣ ಬರೋ ಆಕಳಿಕೆ ನಿಜಕ್ಕೂ ಇದೆ, ಮುಂಗಾಲು ಮುಂದೆ ಚಾಚಿ, ಹಿಂಭಾಗ ಮೇಲೆತ್ತಿ, ಮೈ ಮುರಿದು, ನಾಲಿಗೆ ತುದಿ ಮಡಚಿ ಹಲ್ಲೆಲ್ಲಾ ಕಾಣೋ ಹಾಗೆ ಒಂದು ದೊಡ್ಡದು. ಮಿದುಳನ್ನ ತಣ್ಣಗೆ ಮಾಡೋಕೆ ಆಕಳಿಕೆ ಬರುತ್ತೆ ಅನ್ನೋದು ವಿಜ್ಞಾನಿಗಳು ಮುಂದಿಡೋ ಒಂದು ವಾದ, ಎಲ್ಲರೂ ಒಪ್ಪಿಲ್ಲ. 2021ರಲ್ಲಿ ಬಂದ ಒಂದು ಅಧ್ಯಯನದಲ್ಲಿ 101 ಜಾತಿಯ ಪ್ರಾಣಿ ಪಕ್ಷಿಗಳ ಸಾವಿರಕ್ಕೂ ಹೆಚ್ಚು ಆಕಳಿಕೆ ವಿಡಿಯೋ ಅಳೆದು ನೋಡಿದ್ರಂತೆ, ಮಿದುಳು ದೊಡ್ಡದಾದಷ್ಟೂ ಆಕಳಿಕೆ ಉದ್ದ ಅಂತ. ಅದನ್ನ ಓದಿ ನಾನೂ ಫೋನಲ್ಲಿ ಸ್ಟಾಪ್‌ವಾಚ್ ಇಟ್ಕೊಂಡು ಬೋಂಡನ್ನ ಅಳೆದೆ, ಎರಡು ಸೆಕೆಂಡ್ ಆಸುಪಾಸು. ನನ್ನದು ಐದೂವರೆ ಬಂತು. ಸ್ವಲ್ಪ ಸಮಾಧಾನ ಆಯ್ತು.

ಅಮ್ಮಂಗೆ ಮಾತ್ರ ಇದ್ಯಾವುದೂ ಸಮಾಧಾನ ಆಗ್ಲಿಲ್ಲ. ಪದೇಪದೇ ಆಕಳಿಕೆ ಅಂದ್ರೆ ಅವಳ ಪ್ರಕಾರ ದೃಷ್ಟಿ. ಪಕ್ಕದ ಮನೆ ಹುಡುಗಿ ದಿನಾ ಬಂದು "ಎಷ್ಟು ಗುಂಡು ಗುಂಡಾಗಿದಾನೆ" ಅಂತಾಳಲ್ಲ, ಅದೇ ತಗುಲಿದ್ದು ಅಂತ ಉಪ್ಪು ಒಣಮೆಣಸು ತಗೊಂಡು ನಿವಾಳಿಸಿ, ಇಲ್ಲಿ ಒಲೆ ಎಲ್ಲಿ, ಗ್ಯಾಸ್ ಮೇಲೆ ಹಳೇ ಕಾವಲಿ ಇಟ್ಟು ಹಾಕಿದ್ಲು. ಮನೆಯೆಲ್ಲಾ ಘಾಟು, ನಾನು ಕೆಮ್ಮಿ ಕೆಮ್ಮಿ ಬಾಲ್ಕನಿಗೆ, ಬೋಂಡ ಮಂಚದ ಕೆಳಗೆ. (ಬೆಕ್ಕಿರೋ ಮನೇಲಿ ಇದನ್ನ ಮಾಡ್ಬೇಡಿ, ಅವುಗಳ ಮೂಗು ನಮ್ಮದಕ್ಕಿಂತ ಎಷ್ಟೋ ಚುರುಕು, ಪಾಪ.) ಆದ್ರೆ ನಿಮಗೆ ಗೊತ್ತಲ್ಲ, ದೃಷ್ಟಿ ಇದ್ರೆ ಮೆಣಸು ಸುಟ್ರೂ ಘಾಟು ಬರಲ್ಲ ಅನ್ನೋದು ನಂಬಿಕೆ. ಇಲ್ಲಿ ಅಪಾರ್ಟ್‌ಮೆಂಟ್ ಪೂರ್ತಿ ಬಂತು. ಹಾಗಾಗಿ ಅಮ್ಮನೇ ತೀರ್ಪು ಕೊಟ್ಲು, "ದೃಷ್ಟಿ ಅಲ್ಲ ಇದು. ಬೇರೆ ಎಂತದೋ."

ಆ ಬೇರೆ ಎಂತದೋಕ್ಕೆ ಬರೋ ಮುಂಚೆ ಒಂದು ವಿಷಯ. ಅಷ್ಟೊತ್ತಿಗೆ ನಾನು ಬೋಂಡನ ಬಾಯಿ ತೆರೆಯೋ ಎಲ್ಲಾ ಕೆಲಸಕ್ಕೂ ಆಕಳಿಕೆ ಅಂತಾನೇ ಹೆಸರಿಟ್ಟಿದ್ದೆ. ಈಗ ಹಿಂತಿರುಗಿ ನೋಡಿದ್ರೆ ಅದರಲ್ಲಿ ನಾಲ್ಕು ಬೇರೆ ಬೇರೆ ಸಂಗತಿ ಇದ್ವು.

ಒಂದು, ವಾಕಿಂಗ್‌ನಿಂದ ಬಂದು ನಾನು ಸಾಕ್ಸ್ ಬಿಚ್ಚಿಟ್ರೆ ಬಂದು ಮೂಸಿ, ಮೇಲ್ತುಟಿ ಎತ್ತಿ, ಬಾಯಿ ಅರ್ಧ ತೆರೆದು, ಯಾರೋ ಕೆಟ್ಟ ಮಾತು ಹೇಳಿದಂಗೆ ಮುಖ ಮಾಡ್ಕೊಂಡು ನಿಂತುಬಿಡೋದು. ಅಸಹ್ಯ ಪಟ್ಕೊಂಡ ಅಂದ್ಕೊಂಡು ನಾನು ಬೇಜಾರು ಮಾಡ್ಕೊಳ್ತಿದ್ದೆ. ಅದು ವಾಸನೆಯನ್ನ ಸರಿಯಾಗಿ ಓದೋ ಕ್ರಮ. ಬೆಕ್ಕಿನ ಅಂಗುಳದಲ್ಲಿ, ಅಂದ್ರೆ ಬಾಯಿ ಒಳಗಿನ ಮೇಲ್ಭಾಗದಲ್ಲಿ, ಮುಂದಿನ ಹಲ್ಲಿನ ಹಿಂದೆ ಎರಡು ಸಣ್ಣ ತೂತು ಇರ್ತವೆ, ಅಲ್ಲಿಂದ ಜೇಕಬ್‌ಸನ್ ಅಂಗ ಅನ್ನೋದಕ್ಕೆ ವಾಸನೆ ಹೋಗುತ್ತೆ. ಈ ಮುಖಕ್ಕೆ ಫ್ಲೆಮನ್ ಅಂತಾರೆ. ಅಮ್ಮಂಗೆ ವಿಡಿಯೋ ತೋರಿಸಿದ್ರೆ "ಅಯ್ಯೋ, ಹೋರಿ ಮಾಡಲ್ವನೇ ಹಿಂಗೆ, ಮೂಗು ಆಕಾಶಕ್ಕೆತ್ಕೊಂಡು" ಅಂದ್ಲು. ಹೌದು, ಅದೇ. ಹಳ್ಳೀಲಿ ಎಲ್ಲರೂ ನೋಡಿರೋದೇ, ಹೆಸರು ಮಾತ್ರ ಗೊತ್ತಿರಲ್ಲ.

ಇನ್ನೊಂದು ಕಾಂಪೌಂಡ್ ಗೋಡೆದು. ನಮ್ಮ ಬೀದೀಲಿ ಒಂದು ಕರಿ ಗಡವ ಇದೆ, ಒಂದು ಕಿವಿ ಹರಿದಿದೆ, ಏರಿಯಾ ಪೂರ್ತಿ ಅದರದ್ದೇ ಅನ್ನೋ ಥರ ಓಡಾಡುತ್ತೆ. ನಮ್ಮದು ಗ್ರೌಂಡ್ ಫ್ಲೋರ್, ಸಂಜೆ ಅದು ಬಂದು ಬಾಲ್ಕನಿ ಗ್ರಿಲ್ ಎದುರಿಗೆ ಗೋಡೆ ಮೇಲೆ ಕೂತ್ರೆ ಬೋಂಡ ಏನು ಮಾಡ್ತಾನೆ ಅಂದ್ಕೊಂಡ್ರಿ, ಜಗಳ ಇಲ್ಲ, ಕಿರುಚಾಟ ಇಲ್ಲ, ನಿಧಾನಕ್ಕೆ ಮುಖ ಪಕ್ಕಕ್ಕೆ ತಿರುಗಿಸಿ ಒಂದು ಆಕಳಿಕೆ. ನೋಡಿ ಎಂಥ ಧೈರ್ಯ, ಡೋಂಟ್‌ ಕೇರ್ ಮಾಸ್ಟರ್ ಅಂತ ನಾನು ಸ್ಟೇಟಸ್ ಹಾಕಿದ್ದೆ. ಧೈರ್ಯ ಏನೂ ಅಲ್ಲ. ಆ ವಿಡಿಯೋ ಈಗ ನೋಡಿದ್ರೆ ಗೊತ್ತಾಗುತ್ತೆ, ಕಿವಿ ಎರಡೂ ವಿಮಾನದ ರೆಕ್ಕೆ ಥರ ಪಕ್ಕಕ್ಕೆ ಬಿದ್ದಿವೆ, ಬಾಲದ ತುದಿ ಮಾತ್ರ ಪಟ್ ಪಟ್ ಅಂತ ನೆಲಕ್ಕೆ ಬಡೀತಿದೆ, ಕಣ್ಣಿನ ಪಾಪೆ ಅಗಲ ಆಗಿದೆ, ಆಕಳಿಸಿದ ಮೇಲೆ ಎರಡೆರಡು ಸಲ ಮೂಗು ನೆಕ್ಕೊಂಡಿದಾನೆ. ಟೆನ್ಶನ್ ಆದಾಗ ಬರೋ ಆಕಳಿಕೆ ಅದು. ಇಂಟರ್‌ವ್ಯೂಗೆ ಕೂತಿರೋವಾಗ ನಮಗೂ ಬರುತ್ತಲ್ಲ, ನಿದ್ದೆ ಸುಳಿವೇ ಇರಲ್ಲ, ಆದ್ರೂ ಬಾಯಿ ತೆರೆಯುತ್ತೆ. ಜೊತೆಗೆ ಎದುರಿನ ಬೆಕ್ಕಿಗೂ ನಿನ್ನ ಜೊತೆ ಜಗಳಕ್ಕೆ ನಾನಿಲ್ಲಪ್ಪಾ ಅನ್ನೋ ಸೂಚನೆ ಸಿಗಬಹುದು ಅಂತ ಬೆಕ್ಕಿನ ನಡವಳಿಕೆ ಬಲ್ಲವರು ಹೇಳ್ತಾರೆ. ಕರಿಯ ಅದನ್ನ ಅರ್ಥ ಮಾಡ್ಕೊಂಡು ಎದ್ದು ಹೋಗ್ತಿತ್ತೋ, ಇಲ್ಲ ಮೂರನೇ ಮನೆ ಮೀನಿನ ವಾಸನೆಗೆ ಹೋಗ್ತಿತ್ತೋ.

ಅಂದ್ರೆ ಬಾಯಿ ಒಂದನ್ನೇ ನೋಡಿ ಏನೂ ಹೇಳೋಕಾಗಲ್ಲ, ಬೆಕ್ಕಿನ ಭಾಷೆ ಇಡೀ ಮೈಯಲ್ಲಿ ಹಂಚಿದೆ. ಒಂದೊಂದು ಕಿವಿಗೆ ಇಪ್ಪತ್ತಕ್ಕೂ ಹೆಚ್ಚು ಸ್ನಾಯು, ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸುತ್ತೆ. ಬಾಲ ನೆಟ್ಟಗೆ ಕಂಬದ ಥರ ಎತ್ಕೊಂಡು ಬಂದ್ರೆ ಖುಷಿ, ನಮಸ್ಕಾರ. ಬಾಟಲಿ ಬ್ರಶ್ ಥರ ಉಬ್ಬಿಸ್ಕೊಂಡ್ರೆ ಭಯ. ನಾಯಿ ಬಾಲ ಆಡಿಸೋದನ್ನ ನೋಡಿ ಅಭ್ಯಾಸ ಆದೋರು ಬೆಕ್ಕು ಬಾಲ ಬಡಿದ್ರೂ ಖುಷಿ ಅಂದ್ಕೊಂಡು ಮುಟ್ಟೋಕೆ ಹೋಗಿ ಪರಚಿಸ್ಕೊಳ್ತಾರೆ, ನನ್ನ ಗಂಡನ ಮಣಿಕಟ್ಟು ಸಾಕ್ಷಿ. ಹೊಟ್ಟೆ ಮೇಲೆ ಮಾಡಿ ಮಲಗಿದ್ರೆ ನಿನ್ನ ಮೇಲೆ ನಂಬಿಕೆ ಇದೆ ಅಂತ ಅರ್ಥ, ಹೊಟ್ಟೆ ಸವರು ಅಂತಲ್ಲ. ಇದಕ್ಕೂ ಅದೇ ಮಣಿಕಟ್ಟು ಸಾಕ್ಷಿ.

ಕಣ್ಣಿನ ವಿಷಯ ನನಗೆ ತುಂಬಾ ಇಷ್ಟ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯೋ ಗಾದೆ ನಾವು ಕಳ್ಳರಿಗೆ ಬಳಸ್ತೀವಿ, ಆದ್ರೆ ಬೆಕ್ಕು ನಿಮ್ಮ ಕಡೆ ನೋಡ್ತಾ ನಿಧಾನಕ್ಕೆ ಕಣ್ಣು ಅರೆಮುಚ್ಚಿ ತೆರೆದ್ರೆ ಅದು ಪ್ರೀತಿ. ಇಂಗ್ಲೆಂಡಿನ ಸಸೆಕ್ಸ್ ಯೂನಿವರ್ಸಿಟಿಯೋರು 2020ರಲ್ಲಿ ಪರೀಕ್ಷೆ ಮಾಡಿ ತೋರಿಸಿದ್ರು, ನಾವು ಹಾಗೆ ನಿಧಾನಕ್ಕೆ ಕಣ್ಣು ಮಿಟುಕಿಸಿದ್ರೆ ಬೆಕ್ಕೂ ತಿರುಗಿ ಮಿಟುಕಿಸುತ್ತೆ, ಅಪರಿಚಿತರು ಹಾಗೆ ಮಾಡಿದ್ರೂ ಹತ್ತಿರ ಬರೋ ಸಾಧ್ಯತೆ ಜಾಸ್ತಿ ಅಂತ. ಅಮ್ಮಂಗೆ ಹೇಳ್ಕೊಟ್ಟೆ. ಅವತ್ತಿಂದ ಇಬ್ರೂ ಮಧ್ಯಾಹ್ನ ಎದುರುಬದುರು ಕೂತು ಕಣ್ಣು ಮಿಟುಕಿಸ್ಕೊಂಡು ಹಾಗೇ ಇಬ್ರೂ ನಿದ್ದೆ.

ಸರಿ, ಆ ಬೇರೆ ಎಂತದೋ. ಒಂದು ಬೆಳಿಗ್ಗೆ ಅಮ್ಮ ಅಡುಗೆಮನೆಯಿಂದ ಕೂಗಿದ್ಲು, ಬಾ ಇಲ್ಲಿ ಅಂತ. ಬೋಂಡ ತಟ್ಟೆ ಮುಂದೆ ಕೂತಿದ್ದ. ಒಂದು ಕಾಳು ಡ್ರೈ ಫುಡ್ ಬಾಯಿಗೆ ತಗೊಂಡ, ತಲೆ ಒಂದು ಕಡೆಗೆ ವಾಲಿಸಿ ಅಗಿದ, ಕಾಳು ಕೆಳಗೆ ಬಿತ್ತು. ಆಮೇಲೆ ಬಾಯಿ ತೆರೆದ, ಅರ್ಧಕ್ಕೇ ನಿಲ್ಲಿಸಿ ಕೆಳದವಡೆ ಪಕ್ಕಕ್ಕೆ ಅಲ್ಲಾಡಿಸಿದ, ಮುಚ್ಚಿದ. ಮತ್ತೆ ತೆರೆದ. ಗದ್ದದ ಕೂದಲು ಒದ್ದೆ. "ಇದು ಆಕಳಿಕೆ ಅಲ್ಲ ಕಣೆ," ಅಂದ್ಲು ಅಮ್ಮ, "ಕೊಟ್ಟಿಗೇಲಿ ಗೌರಿಗೆ ಕಾಲುಬಾಯಿ ಜ್ವರ ಬಂದಾಗ ಹಿಂಗೇ ಬಾಯಿ ಚಪ್ಪರಿಸ್ತಿತ್ತು, ಜೊಲ್ಲು ಸುರಿಸ್ಕೊಂಡು. ಬಾಯೊಳಗೆ ಎಂತದೋ ನೋವು ಉಂಟು ಇದಕ್ಕೆ."

ಕಾಲುಬಾಯಿ ಜ್ವರ ಬೆಕ್ಕಿಗೆ ಬರೋ ರೋಗ ಅಲ್ಲ, ಆದ್ರೆ ಅವಳು ನೋಡಿದ್ದು ನೂರಕ್ಕೆ ನೂರು ಸರಿ. ನಾನು ಮೂರು ತಿಂಗಳಿಂದ ಅದೇ ಮುಖಾನ ದಿನಾ ನೋಡಿ, ಫೋಟೋ ತೆಗೆದು, ಸೋಂಬೇರಿ ಅಂತ ಕ್ಯಾಪ್ಶನ್ ಹಾಕ್ತಿದ್ದೆ.

ಡಾಕ್ಟರ್ ಹತ್ರ ಕರ್ಕೊಂಡು ಹೋಗೋಕೆ ಬಾಸ್ಕೆಟಿಗೆ ತುಂಬೋದು ಒಂದು ಯುದ್ಧ, ಅದನ್ನ ಬರೆಯಲ್ಲ. ಟೇಬಲ್ ಮೇಲೆ ಇಟ್ಟ ತಕ್ಷಣ ಒಂದು ದೊಡ್ಡ ಆಕಳಿಕೆ ಬಂತು, ಟೆನ್ಶನ್‌ದು, ಆ ಡಾಕ್ಟರಮ್ಮ ಅದೇ ಚಾನ್ಸಲ್ಲಿ ಟಾರ್ಚ್ ಹಾಕಿ ಒಳಗೆ ನೋಡಿಬಿಟ್ರು. ಎಡಗಡೆ ಕೆಳಗಿನ ಒಂದು ಹಲ್ಲಿನ ಬುಡದಲ್ಲಿ ಒಸಡು ಕೆಂಪಗೆ ಹಲ್ಲಿನ ಮೇಲೇ ಬೆಳೆದಿತ್ತು. ಎಕ್ಸ್‌ರೇ ತೆಗೆದು ಹೇಳಿದ್ರು, ಹಲ್ಲು ಕರಗ್ತಾ ಇದೆ ಅಂತ. ನಮ್ಮ ಥರ ಹುಳುಕು ಅಲ್ವಂತೆ, ಬೆಕ್ಕಿನ ದೇಹದ ಜೀವಕೋಶಗಳೇ ಅದರ ಹಲ್ಲನ್ನ ತಿಂದುಹಾಕೋದು, ಯಾಕೆ ಅಂತ ಇನ್ನೂ ಪೂರ್ತಿ ಗೊತ್ತಿಲ್ಲ, ವಯಸ್ಸಾದ ಬೆಕ್ಕುಗಳಲ್ಲಿ ಜಾಸ್ತಿ, ಆದ್ರೆ ಇಂಥ ವಯಸ್ಸಿಗೇ ಅಂತೇನಿಲ್ಲ. ಇದ್ದ 30 ಹಲ್ಲಲ್ಲಿ ಎರಡು ಹೋಯ್ತು, ಅನೆಸ್ತೀಶಿಯಾ ಕೊಟ್ಟು ತೆಗೆದ್ರು.

ನಾನು ಅಲ್ಲೇ ಕೂತು ಗೋಳಾಡಿದೆ, ಒಂದಿನಾನೂ ಕೂಗ್ಲಿಲ್ಲ ಮೇಡಂ, ಊಟಾನೂ ಬಿಡ್ಲಿಲ್ಲ, ಗುರ್ ಗುರ್ ಅಂತ ತೊಡೆ ಮೇಲೆ ಬಂದು ಕೂರ್ತಿದ್ದ ಅಂತ. ಗುರ್‌ಗುಟ್ಟೋದು ಖುಷಿಗೆ ಮಾತ್ರ ಅಲ್ಲ ಅಂದ್ರು, ನೋವಲ್ಲೂ ಗುರ್‌ಗುಡ್ತವೆ. ಆಮೇಲೆ ಫೋನಲ್ಲಿ ಒಂದು ಚಾರ್ಟ್ ತೋರಿಸಿದ್ರು, ಕೆನಡಾದ ಮಾಂಟ್ರಿಯಲ್ ಯೂನಿವರ್ಸಿಟಿಯೋರು ಮಾಡಿದ್ದು, 2019ರದ್ದು. ಬೆಕ್ಕಿನ ಮುಖ ನೋಡಿ ನೋವಿಗೆ ಮಾರ್ಕ್ಸ್ ಹಾಕೋದು. ಕಿವಿ, ಕಣ್ಣು, ಮೂತಿ, ಮೀಸೆ, ತಲೆ ಇಟ್ಕೊಂಡಿರೋ ರೀತಿ, ಐದಕ್ಕೂ ಸೊನ್ನೆಯಿಂದ ಎರಡು. ಹತ್ತಕ್ಕೆ ನಾಲ್ಕು ಬಂದ್ರೆ ನೋವಿನ ಔಷಧಿ ಬೇಕು ಅಂತ ಲೆಕ್ಕ. ಮನೆಗೆ ಬಂದು ನನ್ನ ಹಳೇ "ಸೋಂಬೇರಿ" ಫೋಟೋಗಳಿಗೆಲ್ಲಾ ಮಾರ್ಕ್ಸ್ ಹಾಕ್ತಾ ಕೂತೆ. ಕಿವಿ ಸ್ವಲ್ಪ ದೂರ ದೂರ, ಕಣ್ಣು ಕಿರಿದು, ತಲೆ ಭುಜಕ್ಕಿಂತ ಕೆಳಗೆ. ಒಂದು ಫೋಟೋಕ್ಕೆ ಐದು ಬಂತು. ಅದಕ್ಕೆ ನಲವತ್ತೆರಡು ಲೈಕ್ ಇತ್ತು.

ಔಷಧಿ ಅಂದಾಗ ಇದನ್ನ ಹೇಳ್ಲೇಬೇಕು. ಬಿಲ್ಡಿಂಗಲ್ಲಿ ಒಬ್ರು ಆಂಟಿ ಪಾಪ ಒಳ್ಳೇ ಮನಸ್ಸಿಂದಾನೇ "ಕಾಲು ಪ್ಯಾರಸಿಟಮಾಲ್ ಹಾಲಲ್ಲಿ ಕಲಸಿ ಹಾಕು" ಅಂದಿದ್ರು. ದಯವಿಟ್ಟು ಬೇಡ. ಬೆಕ್ಕಿನ ಲಿವರಿಗೆ ಅದನ್ನ ಅರಗಿಸೋ ಶಕ್ತಿ ಇಲ್ಲ, ರಕ್ತ ಕೆಟ್ಟು, ಒಂದು ಮಾತ್ರೆಗೂ ಕಮ್ಮಿಯಲ್ಲೇ ಪ್ರಾಣ ಹೋಗಬಹುದು. ಇನ್ನೊಂದು, ಬೆಕ್ಕು ನಾಯಿ ಥರ ಬಾಯಿ ತೆರೆದೇ ಇಟ್ಕೊಂಡು ಏದುಸಿರು ಬಿಡ್ತಿದ್ರೆ ಅದನ್ನೂ ಆಕಳಿಕೆ ಅಂತ ಬಿಟ್ಬಿಡ್ಬೇಡಿ, ಉಸಿರಿಂದೋ ಹೃದಯದ್ದೋ ತೊಂದರೆ ಇರಬಹುದು, ಆಗ ಬ್ಲಾಗ್ ಓದ್ತಾ ಕೂರೋದಲ್ಲ, ಓಡ್ಬೇಕು.

ಈಗ ಬೋಂಡ ಎರಡೂ ಕಡೆ ಅಗೀತಾನೆ. ಗದ್ದ ಒಣಗಿದೆ. ಕರಿಯ ಬಂದಾಗ ಈಗಲೂ ಆಕಳಿಸ್ತಾನೆ, ಆ ಧೈರ್ಯ ಆಪರೇಷನ್ನಲ್ಲಿ ಬಂದಿಲ್ಲ.

ಅಮ್ಮ ಊರಿಗೆ ಹೋಗಿ ಎರಡು ತಿಂಗಳಾಯ್ತು, ಫೋನ್ ಮಾಡಿದ್ರೆ ನನ್ನ ಊಟ ತಿಂಡಿ ಕೇಳೋ ಮುಂಚೆ ಅವನನ್ನೇ ಕೇಳ್ತಾಳೆ. ನಿನ್ನೆ ರಾತ್ರೀನೂ ಅದೇ.

"ಬೋಂಡ ಎಂತ ಮಾಡ್ತಿದಾನೆ?"

"ಆಕಳಿಸ್ತಿದಾನೆ."

"ಯಾವ್ದು?"

ಬಗ್ಗಿ ನೋಡಿದೆ. ಕಿವಿ ಮುಂದಕ್ಕಿದೆ, ಮುಂಗಾಲು ನನ್ನ ಚಪ್ಪಲಿ ತನಕ ಚಾಚಿದಾನೆ, ಬಾಲ ಅಲ್ಲಾಡ್ತಿಲ್ಲ.

"ನಿದ್ದೆದು" ಅಂದೆ. ಆ ಕಡೆಯಿಂದ ಫೋನಲ್ಲೇ ಚಟಚಟ ಚಿಟಿಕೆ ಕೇಳಿಸ್ತು.