ಬಾವಲಿಗೆ ಬಲೆ ಕಾಣಿಸೋದಿಲ್ವಾ?

"ಬಾವಲಿ ಕುರುಡು ತಾನೆ, ಬಲೆ ಹೇಗೆ ತಪ್ಪಿಸಿಕೊಳ್ಳುತ್ತೆ?" ಅಂತ ಒಬ್ಬರು. "ಕತ್ತಲಲ್ಲೂ ಎಲ್ಲಾ ಗೊತ್ತಾಗುತ್ತಂತೆ, ಮತ್ತೆ ಬಲೆಗೆ ಹೇಗೆ ಬೀಳುತ್ತೆ?" ಅಂತ ಇನ್ನೊಬ್ಬರು. ಅಧ್ಯಯನಕ್ಕೆ ಬಾವಲಿಗಳನ್ನು ಬಲೆಯಲ್ಲಿ ಹಿಡಿದು ಬಿಡುವ ನನ್ನನ್ನು ಕೇಳುವ ಪ್ರಶ್ನೆಗಳಿವು. ಇಬ್ಬರೂ ಪರಸ್ಪರ ಕೇಳಿಕೊಂಡಿದ್ದರೆ ನನ್ನ ಗಂಟಲು ಉಳಿಯುತ್ತಿತ್ತು.

ಕಣ್ಣಿದೆ. ಬಲೆಯೂ ಗೊತ್ತಾಗುತ್ತದೆ. ಗಾಳಿಗೆ ಬಲೆ ಉಬ್ಬಿದರೆ ಅಡ್ಡ ತಿರುಗಿ ಹೋಗುತ್ತವೆ. ಸಿಕ್ಕುವುದು ದಿನಾ ಹಾರುವ ದಾರಿಯಲ್ಲಿ, ಅಭ್ಯಾಸಬಲದಿಂದ ಹಾರುವಾಗ. ಅರಿಜೋನಾದ ಸೊನೊರಾ ಮರುಭೂಮಿಯಲ್ಲಿ ಜೂನ್ ತಿಂಗಳು, ಮಳೆ ಬರುವ ಮುಂಚೆ, ಆ ದಾರಿಗಳೆಲ್ಲ ಸೇರುವುದು ನೀರಿಗೆ. ದನಗಳಿಗೆ ಕಟ್ಟಿದ ತೊಟ್ಟಿಯಾದರೂ ಆದೀತು. ಬಾವಲಿ ಹಾರುತ್ತಲೇ ನೀರಿಗೆ ಬಾಯಿ ತಾಗಿಸಿ ಕುಡಿಯುತ್ತದೆ.

ತೊಟ್ಟಿಗೆ ಅಡ್ಡವಾಗಿ ಆರು ಅಥವಾ ಒಂಬತ್ತು ಮೀಟರಿನ ಮಿಸ್ಟ್ ನೆಟ್ (ತೆಳು ನೂಲಿನ ಬಲೆ), 38 ಮಿ.ಮೀ. ಕಣ್ಣಿನದು. ಬಿಗಿಯಾಗಿ ಎಳೆದು ಕಟ್ಟಿದರೆ ಬಾವಲಿ ತಾಗಿ ಪುಟಿದು ಹೋಗುತ್ತದೆ. ಸಡಿಲ ಬಿಟ್ಟರೆ ಜೋಳಿಗೆಯಾಗಿ ಅದರಲ್ಲಿ ಕೂರುತ್ತದೆ. ಆದರೆ ಕೆಳಗಿನ ಜೋಳಿಗೆ ಭಾರಕ್ಕೆ ಜಗ್ಗಿ ನೀರು ಮುಟ್ಟಿದರೆ ಬಾವಲಿ ಮುಳುಗಿ ಸಾಯುತ್ತದೆ. ಕಟ್ಟುವಾಗಲೇ ಕೈಯಿಂದ ಒತ್ತಿ ನೋಡಿ. ಹುಣ್ಣಿಮೆಯ ಆಸುಪಾಸು ಹೋಗಲೇಬೇಡಿ.

ಹಿಡಿಯೋದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಬಿಡಿಸೋದು ಹೇಗೆ ಅಂತ ಯಾರೂ ಕೇಳಲ್ಲ. ಕಷ್ಟವೆಲ್ಲ ಇರೋದು ಅಲ್ಲೇ. ಹತ್ತು ನಿಮಿಷಕ್ಕೊಮ್ಮೆಯಾದರೂ ಬಲೆ ನೋಡಬೇಕು, ತಡವಾದರೆ ನೂಲು ಕಡಿದು ಸುತ್ತಿಕೊಳ್ಳುತ್ತದೆ. ಮೊದಲು ಯಾವ ಕಡೆಯಿಂದ ಹೊಕ್ಕಿದೆ ನೋಡಿ, ಆ ಕಡೆಯಿಂದಲೇ ಬಿಡಿಸಿ. ಕೊನೆಗೆ ಸಿಕ್ಕಿಕೊಂಡದ್ದು ಮೊದಲು. ಸಾಮಾನ್ಯವಾಗಿ ಕಾಲು, ಆಮೇಲೆ ರೆಕ್ಕೆ, ತಲೆ ಕೊನೆಗೆ. ಕ್ಯಾನ್ಯನ್ ಬ್ಯಾಟ್ ಅನ್ನುವ ಪುಟ್ಟ ಬಾವಲಿ ಐದು ಗ್ರಾಂ ತೂಗಿದರೆ ಹೆಚ್ಚು. ರೆಕ್ಕೆ ಎಳೆದರೆ ಬೆರಳಿನ ಮೂಳೆ ಮುರಿಯುತ್ತದೆ. ಬರುತ್ತಿಲ್ಲವಾ? ಕತ್ತರಿ ತೆಗೆದು ನೂಲು ಕತ್ತರಿಸಿ. ಬಲೆ ಇನ್ನೊಂದು ಕೊಳ್ಳಬಹುದು.

ಕಚ್ಚುತ್ತಾ? ಕಚ್ಚದೆ ಇನ್ನೇನು. ರೇಬಿಸ್ ಲಸಿಕೆ ಮೊದಲೇ ಹಾಕಿಸಿಕೊಳ್ಳದವರು ಮುಟ್ಟುವಂತಿಲ್ಲ. ತೆಳು ಚರ್ಮದ ಕೈಗವಸೂ ಬೇಕು.

1910ರಲ್ಲಿ ಅಮೆರಿಕದ ಪ್ರಾಣಿಶಾಸ್ತ್ರಜ್ಞ ಜೋಸೆಫ್ ಗ್ರಿನ್ನೆಲ್ ತಂಡ ಪ್ರಾಣಿ ಸಂಗ್ರಹಿಸುತ್ತಾ ಕೊಲೊರಾಡೊ ನದಿಗುಂಟ ಇಳಿದ ಕಾಲದಲ್ಲಿ ಬಾವಲಿ ಬೇಕೆಂದರೆ ಮುಸ್ಸಂಜೆ ಕೋವಿ ಹಿಡಿದು ನಿಲ್ಲಬೇಕಿತ್ತು. ಈಗ ಬಟ್ಟೆ ಚೀಲದಲ್ಲಿಟ್ಟು ತೂಗಿ, ಮುಂದೋಳು ಅಳೆದು, ಬಸುರಿಯಾದರೆ ಎಲ್ಲಕ್ಕಿಂತ ಮೊದಲು ಬಿಡುತ್ತೇವೆ. ಖಾಲಿ ಚೀಲ ಮಾತ್ರ ಕೊಡವಬೇಡಿ. ತಳದಲ್ಲಿ ಹಿಕ್ಕೆ ಇರುತ್ತದೆ, ಏನು ತಿಂದಿದೆ ಅಂತ ಅದೇ ಹೇಳುತ್ತದೆ. ಪ್ಯಾಲಿಡ್ ಬ್ಯಾಟ್ ಅನ್ನುವ ಬಾವಲಿ ನೆಲಕ್ಕಿಳಿದು ಚೇಳು ಹಿಡಿದು ತಿನ್ನುತ್ತದೆ. ಆ ಚೇಳಿನ ಚೂರು ಸಿಕ್ಕರೆ ಆ ಹಿಕ್ಕೆಯಲ್ಲೇ.