ಒಂದೇ ಊರಿನ ರಜೆ

ಆಗಸ್ಟ್ 8ರಂದು ಇಡೀ ಜರ್ಮನಿಯಲ್ಲಿ ನಮ್ಮ ಆಗ್ಸ್‌ಬರ್ಗ್ ನಗರಕ್ಕೆ ಮಾತ್ರ ಸಾರ್ವಜನಿಕ ರಜೆ. ಇಲ್ಲಿಗೆ ಬಂದ ಮೊದಲ ವರ್ಷ ಅದು ತಿಳಿಯದೆ ಕೈಚೀಲ ಹಿಡಿದು ಅಂಗಡಿಗೆ ಹೋಗಿ, ಬಾಗಿಲು ಹಾಕಿದ್ದನ್ನು ಕಂಡು ಮರಳಿದ್ದೆ. ರಜೆಯ ಹೆಸರು ಶಾಂತಿ ಹಬ್ಬ. ಅದರ ಮೂಲವಿರುವುದು ಕ್ರೈಸ್ತರ ಕ್ಯಾಥೋಲಿಕ್ ಮತ್ತು ಪ್ರಾಟೆಸ್ಟಂಟ್ ಪಂಗಡಗಳ ನಡುವೆ 1618ರಿಂದ 1648ರವರೆಗೆ ನಡೆದ ಮೂವತ್ತು ವರ್ಷಗಳ ಯುದ್ಧದಲ್ಲಿ.

ಇದನ್ನು ಧರ್ಮಯುದ್ಧ ಎನ್ನಲು ನನಗೆ ಮನಸ್ಸು ಬಾರದು, ನಮ್ಮಲ್ಲಿ ಆ ಮಾತಿಗೆ ಬೇರೆಯೇ ಅರ್ಥವಿದೆ. ಮತಯುದ್ಧ ಎಂದರೂ ಪೂರ್ತಿ ಸರಿಯಾಗದು, ಏಕೆಂದರೆ ಕ್ಯಾಥೋಲಿಕ್ ಫ್ರಾನ್ಸ್ ತನ್ನ ರಾಜಕೀಯ ಲಾಭಕ್ಕಾಗಿ ಪ್ರಾಟೆಸ್ಟಂಟ್ ಸ್ವೀಡನ್ನಿಗೆ ಹಣ ಕೊಟ್ಟು ಹೋರಾಡಿಸಿತು. ಆದರೆ ಈ ಊರಿನ ಜನಕ್ಕೆ ಅದು ಮತದ ಹೆಸರಿನಲ್ಲೇ ಬಂದೆರಗಿತು. ಪ್ರಾಟೆಸ್ಟಂಟರ ವಶಕ್ಕೆ ಹೋಗಿದ್ದ ಚರ್ಚಿನ ಆಸ್ತಿಯನ್ನು ಕ್ಯಾಥೋಲಿಕರಿಗೆ ಮರಳಿಸಬೇಕೆಂದು ಕ್ಯಾಥೋಲಿಕ್ ಚಕ್ರವರ್ತಿ ಎರಡನೆಯ ಫರ್ಡಿನಾಂಡ್ 1629ರಲ್ಲಿ ಹೊರಡಿಸಿದ ಆಜ್ಞೆಯ ಬೆನ್ನಿಗೇ, ಅದೇ ವರ್ಷದ ಆಗಸ್ಟ್ 8ರಂದು, ಪ್ರಾಟೆಸ್ಟಂಟರೇ ಹೆಚ್ಚಾಗಿದ್ದ ಇಲ್ಲಿ ಅವರ ಬೋಧಕರು ಬೋಧಿಸುವುದನ್ನು ನಿಷೇಧಿಸಲಾಯಿತು. 1632ರಲ್ಲಿ ಸ್ವೀಡನ್ನಿನ ದೊರೆ ಗುಸ್ತಾವಸ್ ಅಡಾಲ್ಫಸ್ ನಗರ ಪ್ರವೇಶಿಸಿದ ಮೇಲೆ ಅಧಿಕಾರ ಕಳೆದುಕೊಳ್ಳುವ ಸರದಿ ಕ್ಯಾಥೋಲಿಕರದಾಯಿತು. ಬಳಿಕ ಚಕ್ರವರ್ತಿಯ ಸೈನ್ಯ ಮುತ್ತಿಗೆ ಹಾಕಿತು, ಹಸಿವು, ಪ್ಲೇಗು. ಯುದ್ಧಕ್ಕೆ ಮುಂಚೆ ಸುಮಾರು 45,000 ಇದ್ದ ಜನಸಂಖ್ಯೆ 1635ರ ಹೊತ್ತಿಗೆ 16,000ದ ಆಸುಪಾಸಿಗೆ ಇಳಿದಿತ್ತು. ಹಳೆಯ ಕೋಟೆಗೋಡೆಯ ಬಳಿ ರೊಟ್ಟಿ ಹಿಡಿದ, ಒಂದು ತೋಳು ಕಳೆದುಕೊಂಡ ಕಲ್ಲಿನ ಮನುಷ್ಯನಿದ್ದಾನೆ. ಮರದ ಹೊಟ್ಟಿನಿಂದ ರೊಟ್ಟಿ ಸುಟ್ಟು, ‘ನಮಗಿನ್ನೂ ಬೇಕಾದಷ್ಟಿದೆ’ ಎಂದು ತೋರಿಸಲು ಅದನ್ನು ಶತ್ರುಗಳತ್ತ ಎಸೆದ ಬೇಕರಿಯವನು ಅವನೆಂಬುದು ಐತಿಹ್ಯ. ಮೂಗು ಮುಟ್ಟಿದರೆ ಒಳ್ಳೆಯದಾಗುತ್ತದೆಂದು ಜನ ಈಗಲೂ ಮುಟ್ಟುತ್ತಾರೆ, ನಾನೂ ಮುಟ್ಟಿದ್ದೇನೆ.

ಯುದ್ಧವನ್ನು ಮುಗಿಸಿದ 1648ರ ವೆಸ್ಟ್‌ಫಾಲಿಯಾ ಒಪ್ಪಂದ ಇಲ್ಲಿ ಸೌಹಾರ್ದವನ್ನೇನೂ ತರಲಿಲ್ಲ, ಲೆಕ್ಕಾಚಾರವನ್ನು ತಂದಿತು. ನಗರಾಡಳಿತದ ಹುದ್ದೆಗಳನ್ನು ಎರಡೂ ಪಂಗಡಗಳಿಗೆ ಸಮನಾಗಿ ಹಂಚಲಾಯಿತು. ನಗರದ ಇಬ್ಬರು ಮುಖ್ಯಸ್ಥರಲ್ಲಿ ಒಬ್ಬ ಕ್ಯಾಥೋಲಿಕ್, ಇನ್ನೊಬ್ಬ ಪ್ರಾಟೆಸ್ಟಂಟ್. ತಮ್ಮ ಹಕ್ಕು ಮರಳಿ ಬಂದದ್ದಕ್ಕೆ ಪ್ರಾಟೆಸ್ಟಂಟರು 1650ರಲ್ಲಿ ಈ ಹಬ್ಬ ಆರಂಭಿಸಿದರು. ಕ್ಯಾಥೋಲಿಕರೂ ಇದರಲ್ಲಿ ಸೇರಿಕೊಂಡದ್ದು ಬಹಳ ಕಾಲದ ಮೇಲೆ. ಸಂತ ಉಲ್ರಿಚ್‌ನ ಹೆಸರಿನಲ್ಲಿ ಇಂದಿಗೂ ಎರಡು ಚರ್ಚುಗಳು ಒಂದಕ್ಕೊಂದು ಅಂಟಿಕೊಂಡೇ ನಿಂತಿವೆ, ಮುಂದಿನ ಚಿಕ್ಕದು ಪ್ರಾಟೆಸ್ಟಂಟರದು, ಹಿಂದಿನ ಎತ್ತರದ್ದು ಕ್ಯಾಥೋಲಿಕರದು.

ಹಬ್ಬದ ದಿನ ಪುರಭವನದ ಮುಂದೆ ಉದ್ದುದ್ದ ಮೇಜುಗಳನ್ನು ಹಾಕಿರುತ್ತಾರೆ. ಜನ ಮನೆಯಿಂದ ತಂದದ್ದನ್ನು ಹಂಚಿಕೊಂಡು ಉಣ್ಣುತ್ತಾರೆ. ನಾನು ಚಿತ್ರಾನ್ನ ಒಯ್ದಿದ್ದೆ. ಎದುರಿಗೆ ಕೂತಿದ್ದ ವೃದ್ಧೆಯೊಬ್ಬರು ಅದರಲ್ಲಿನ ಕಡಲೆಬೀಜವನ್ನು ಒಂದೊಂದಾಗಿ ಆರಿಸಿ ತಿನ್ನುತ್ತ ತಮ್ಮ ಬಾಲ್ಯದ ಸಂಗತಿ ಹೇಳಿದರು: ಕ್ಯಾಥೋಲಿಕರ ಮೆರವಣಿಗೆಯ ದಿನ ಬೇಕೆಂದೇ ಪ್ರಾಟೆಸ್ಟಂಟರಾದ ಅವರ ಅಜ್ಜಿ ಬೀದಿಗೆ ಕಾಣುವಂತೆ ಬಟ್ಟೆ ಒಣಹಾಕುತ್ತಿದ್ದರಂತೆ, ಪ್ರಾಟೆಸ್ಟಂಟರಿಗೆ ಬಹು ಪವಿತ್ರವಾದ ಶುಭ ಶುಕ್ರವಾರ ಬಂತೆಂದರೆ ಪಕ್ಕದ ಮನೆಯ ಕ್ಯಾಥೋಲಿಕ್ ಹೆಂಗಸು ಜಮಖಾನೆ ಕೊಡವಲು ತೊಡಗುತ್ತಿದ್ದಳಂತೆ.